ಕಾಣದ ಕಣಗಳ ಲೆಕ್ಕ

ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಹಾಬಲಿಪುರವನ್ನು ನೋಡದವರು ಬಹಳ ವಿರಳ. ಊರಿನಿಂದ ನೆಂಟರು ಬಂದರೆ ಒಂದು ಸಂಜೆ ಮೆರೀನಾ, ಮರುದಿನ ಮೈಲಾಪುರದ ಕಪಾಲೀಶ್ವರ, ಭಾನುವಾರ ಬುತ್ತಿ ಕಟ್ಟಿಕೊಂಡು ಮಹಾಬಲಿಪುರ ಎಂಬುದು ನಮ್ಮಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ಕಡಲ ದಡದ ಗುಡಿಯನ್ನೂ ಕಲ್ಲಿನ ರಥಗಳನ್ನೂ ನೋಡಿಕೊಂಡು ಅಲ್ಲಿಂದಲೇ ಹಿಂದಿರುಗುತ್ತೇವೆ. ಅದೇ ಹಾದಿಯಲ್ಲಿ ಇನ್ನಷ್ಟು ದೂರ ತೆಂಕಣಕ್ಕೆ ಹೋದರೆ, ಚೆನ್ನೈಯಿಂದ ಸುಮಾರು ೭೦ ಕಿಲೋಮೀಟರು ದೂರದಲ್ಲಿ, ಕಲ್ಪಾಕ್ಕಂ ಎಂಬ ಊರು ಸಿಕ್ಕುತ್ತದೆ. ಅಲ್ಲಿ ಅಣುಶಕ್ತಿಯಿಂದ ವಿದ್ಯುತ್ತು ತಯಾರಾಗುತ್ತದೆಂಬುದನ್ನು ಎಲ್ಲರೂ ಕೇಳಿಬಲ್ಲರು. ಆದರೆ ಅಲ್ಲಿರುವ ಒಂದು ಚಿಕ್ಕ ರಿಯಾಕ್ಟರಿನ ವಿಷಯವನ್ನು ತಿಳಿದವರು ಕಡಮೆ. ಅದರ ಹೆಸರು ವೇಗದ ಬ್ರೀಡರ್ ಪರೀಕ್ಷಾ ರಿಯಾಕ್ಟರು. ರಿಯಾಕ್ಟರೆಂದರೆ ಅಣುಶಕ್ತಿಯ ಒಲೆ. ಆ ಒಲೆಯೊಳಗೆ ಹಾರಾಡುವ, ಕಣ್ಣಿಗೆ ಕಾಣದ ಕಣಗಳನ್ನು ನಮ್ಮ ವಿಜ್ಞಾನಿಗಳು ಹೇಗೆ ಎಣಿಸುತ್ತಾರೆ, ಏತಕ್ಕೆ ಎಣಿಸಬೇಕು ಎಂಬುದೇ ಈ ಲೇಖನದ ವಸ್ತು.

ವಿಷಯ ಕಠಿಣವೆಂದು ವಾಚಕರು ಪುಟ ಮಗುಚಬಾರದು. ಅಕ್ಕಿಯನ್ನು ಸೇರಿನಲ್ಲಿ ಅಳೆಯಬಲ್ಲವರಿಗೆ, ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಗೀಟೆಳೆದು ಇಡಬಲ್ಲವರಿಗೆ, ಇದರ ತಿರುಳು ಅರ್ಥವಾಗದೆ ಇರದು.

ನ್ಯೂಟ್ರಾನೆಂಬ ಅತಿಥಿ

ಜಗತ್ತಿನ ವಸ್ತುಗಳೆಲ್ಲ ಪರಮಾಣುಗಳಿಂದ ಆದುವು. ಪ್ರತಿಯೊಂದು ಪರಮಾಣುವಿನ ನಟ್ಟನಡುವೆ ಒಂದು ಬೀಜವುಂಟು. ಆ ಬೀಜದಲ್ಲಿ ಸಾಮಾನ್ಯವಾಗಿ ಪ್ರೋಟಾನು, ನ್ಯೂಟ್ರಾನು ಎಂಬ ಎರಡು ಜಾತಿಯ ಕಣಗಳಿರುತ್ತವೆ. ಪ್ರೋಟಾನಿಗೆ ವಿದ್ಯುದಂಶವಿದೆ, ನ್ಯೂಟ್ರಾನಿಗೆ ಇಲ್ಲ. ಈ ನ್ಯೂಟ್ರಾನನ್ನು ೧೯೩೨ರಲ್ಲಿ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಕಂಡುಹಿಡಿದರು. ಎರಡು ವರ್ಷಗಳ ತರುವಾಯ, ೧೯೩೪ರಲ್ಲಿ, ರೋಮ್ ನಗರದ ಎನ್ರಿಕೋ ಫರ್ಮಿಯವರು ಒಂದರ ಮೇಲೊಂದರಂತೆ ಹಲವಾರು ಮೂಲವಸ್ತುಗಳಿಗೆ ನ್ಯೂಟ್ರಾನುಗಳನ್ನು ತಾಗಿಸಿ, ಅವು ವಿಕಿರಣವನ್ನು ಸೂಸುವಂತಾಗುವುದನ್ನು ತೋರಿಸಿದರು. ಇಂದು ಕಲ್ಪಾಕ್ಕಂನಲ್ಲಿ ನಡೆಯುವ ಅಳತೆಗಳಿಗೆಲ್ಲ ಮೂಲ ಇದೇ.

ವಿದ್ಯುದಂಶವಿಲ್ಲದಿರುವುದು ನ್ಯೂಟ್ರಾನಿನ ಬಲವೂ ಹೌದು, ನಮ್ಮ ತೊಡಕೂ ಹೌದು. ಬಲವೇಕೆಂದರೆ, ಯಾರ ತಡೆಯೂ ಇಲ್ಲದೆ ಅದು ಪರಮಾಣುವಿನ ಬೀಜದೊಳಕ್ಕೆ ನೇರವಾಗಿ ನುಗ್ಗಬಲ್ಲದು. ತೊಡಕೇಕೆಂದರೆ, ದಾರಿಯಲ್ಲಿ ಅದು ಯಾವ ಗುರುತನ್ನೂ ಬಿಡುವುದಿಲ್ಲ. ಇತರ ವಿಕಿರಣಗಳು ಹಾದುಹೋದ ಕಡೆ ಗಾಳಿಯಲ್ಲಿ ವಿದ್ಯುತ್ತಿನ ಜಾಡು ಉಳಿಯುತ್ತದೆ. ನ್ಯೂಟ್ರಾನು ಹೋದ ಕಡೆ ಏನೂ ಇಲ್ಲ. ಬಾಗಿಲು ತಟ್ಟದೆ ಒಳಗೆ ಬಂದು, ಊಟ ಮಾಡಿ, ಹೇಳದೆ ಹೊರಟುಹೋಗುವ ಅತಿಥಿಯ ಹಾಗೆ. ಅಂಥವರು ಎಷ್ಟು ಮಂದಿ ಬಂದಿದ್ದರೆಂದು ತಿಳಿಯಬೇಕಾದರೆ ಎಂಜಲೆಲೆಗಳನ್ನು ಎಣಿಸಬೇಕು! ನ್ಯೂಟ್ರಾನಿನ ಎಣಿಕೆಯೂ ಹಾಗೆಯೇ. ಅದು ಯಾವುದಾದರೂ ಬೀಜವನ್ನು ತಾಗಿದಾಗ ಆಗುವ ಮಾರ್ಪಾಡನ್ನು ಎಣಿಸುತ್ತಾರೆ. ಒಂದು ಸೆಕೆಂಡಿನಲ್ಲಿ ಇಂಥ ಎಷ್ಟು ಮಾರ್ಪಾಡುಗಳಾಗುತ್ತವೆಯೋ ಅದಕ್ಕೆ ಕ್ರಿಯಾದರ ಎಂದು ಹೆಸರಿಡಬಹುದು.

ಈ ದರವು ಮೂರು ಸಂಗತಿಗಳನ್ನು ಅವಲಂಬಿಸಿದೆ. ಮಳೆ ಬರುವಾಗ ತಾರಸಿಯ ಮೇಲೆ ಪಾತ್ರೆಗಳನ್ನಿಟ್ಟರೆ ಎಷ್ಟು ಹನಿ ಒಳಗೆ ಬೀಳುತ್ತದೆ? ಮಳೆ ಎಷ್ಟು ಬಿರುಸು, ಪಾತ್ರೆಗಳು ಎಷ್ಟು, ಒಂದೊಂದರ ಬಾಯಿ ಎಷ್ಟು ಅಗಲ ಎಂಬುದನ್ನು ನೋಡಬೇಕು. ನ್ಯೂಟ್ರಾನುಗಳ ಮಳೆ, ಗುರಿಯಾದ ಬೀಜಗಳ ಸಂಖ್ಯೆ, ಒಂದೊಂದು ಬೀಜದ ಬಾಯಗಲ, ಈ ಮೂರನ್ನೂ ಗುಣಿಸಿದರೆ ಕ್ರಿಯಾದರ ಬರುತ್ತದೆ.

ನಿಧಾನ ಮತ್ತು ವೇಗ

ಈ ಬಾಯಗಲವೆಂಬುದು ಬಲು ವಿಚಿತ್ರವಾದುದು. ನ್ಯೂಟ್ರಾನಿನ ವೇಗಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಯುರೇನಿಯಂ ೨೩೫ ಎಂಬ ಜಾತಿಯ ಬೀಜವು ನ್ಯೂಟ್ರಾನು ತಾಗಿದಾಗ ಎರಡು ಹೋಳಾಗುತ್ತದೆ. ಇದಕ್ಕೆ ವಿದಳನವೆಂದು ಹೆಸರು. ಆಗ ಶಾಖವೂ ಎರಡು ಮೂರು ಹೊಸ ನ್ಯೂಟ್ರಾನುಗಳೂ ಹೊರಬೀಳುತ್ತವೆ. ಆಗತಾನೆ ಹುಟ್ಟಿದ ನ್ಯೂಟ್ರಾನು ಸೆಕೆಂಡಿಗೆ ೧೦,೦೦೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೊರಡುತ್ತದೆ. ನೀರಿನಂಥ ವಸ್ತುವಿನಲ್ಲಿ ಅಲ್ಲಲ್ಲಿ ಡಿಕ್ಕಿ ಹೊಡೆದು ದಣಿದ ಮೇಲೆ ಅದರ ವೇಗ ಸೆಕೆಂಡಿಗೆ ೨.೨ ಕಿಲೋಮೀಟರಿನಷ್ಟಕ್ಕೆ ಇಳಿಯುತ್ತದೆ. ನಮ್ಮ ಬೃಂದಾವನ ಎಕ್ಸ್‌ಪ್ರೆಸ್ಸು ಚೆನ್ನೈಯಿಂದ ಬೆಂಗಳೂರಿಗೆ ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತದೆ. ದಣಿದ ನ್ಯೂಟ್ರಾನಿಗೆ ಆ ದೂರಕ್ಕೆ ಮೂರು ನಿಮಿಷ ಸಾಕು. ಹೊಸ ನ್ಯೂಟ್ರಾನಾದರೋ ಕಣ್ಣು ಮಿಟುಕಿಸುವ ಮೊದಲೇ ಬೆಂಗಳೂರನ್ನು ದಾಟಿರುತ್ತದೆ.

ದಣಿದು ನಿಧಾನವಾದ ನ್ಯೂಟ್ರಾನಿಗೆ ಯುರೇನಿಯಂ ೨೩೫ರ ಬೀಜವು ಕೆಲವು ನೂರು ಪಟ್ಟು ದೊಡ್ಡ ಗುರಿಯಾಗಿ ಕಾಣುತ್ತದೆ. ಆದುದರಿಂದ ಸಾಮಾನ್ಯ ಅಣುಸ್ಥಾವರಗಳಲ್ಲಿ ನೀರನ್ನೋ ಭಾರಜಲವನ್ನೋ ಇಟ್ಟು ನ್ಯೂಟ್ರಾನುಗಳನ್ನು ಬೇಕೆಂದೇ ದಣಿಸುತ್ತಾರೆ. ಕಲ್ಪಾಕ್ಕಂನ ದೊಡ್ಡ ವಿದ್ಯುತ್ ಸ್ಥಾವರವೂ ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರವೂ ಈ ಬಗೆಯವು. ವೇಗದ ರಿಯಾಕ್ಟರಿನಲ್ಲಿ ಹಾಗೆ ದಣಿಸುವುದಿಲ್ಲ. ಅಲ್ಲಿ ನೀರಿಗೆ ಎಡೆಯಿಲ್ಲ. ಕರಗಿದ ಸೋಡಿಯಂ ಲೋಹವೇ ಶಾಖವನ್ನು ಹೊತ್ತೊಯ್ಯುತ್ತದೆ. ಗುರಿ ಚಿಕ್ಕದಾದುದರಿಂದ ನ್ಯೂಟ್ರಾನುಗಳ ಮಳೆ ಬಹಳ ಬಿರುಸಾಗಿರಬೇಕು. ಒಂದು ಚದರ ಸೆಂಟಿಮೀಟರಿನ ಮೂಲಕ ಒಂದು ಸೆಕೆಂಡಿಗೆ ಹತ್ತು ಕೋಟಿ ಕೋಟಿಯ ಮಟ್ಟದಲ್ಲಿ ಅವು ಹಾಯುತ್ತವೆ.

ಏತಕ್ಕೆ ಎಣಿಸಬೇಕು?

ಇಷ್ಟು ಕಷ್ಟಪಟ್ಟು ವೇಗದ ನ್ಯೂಟ್ರಾನುಗಳನ್ನೇ ಏಕೆ ಬಳಸಬೇಕು? ಲಾಭಕ್ಕಾಗಿ. ಹಿಂದೆ ಕಣದಲ್ಲಿ ಕೊಳಗದಿಂದ ರಾಶಿ ಅಳೆಯುವಾಗ ನಮ್ಮ ಹಿರಿಯರು 'ಒಂದು' ಎನ್ನದೆ 'ಲಾಭ' ಎಂದು ಎಣಿಕೆಯನ್ನು ಆರಂಭಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಬ್ರೀಡರ್ ರಿಯಾಕ್ಟರಿನ ಲಾಭವು ಆ ಒಂದನ್ನು ದಾಟಿದ ಮೇಲೆ ಮೊದಲಾಗುತ್ತದೆ.

ಭೂಮಿಯಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ೨೩೫ರ ಜಾತಿಯು ನೂರಕ್ಕೆ ೦.೭ರಷ್ಟು ಮಾತ್ರ. ಮಿಕ್ಕ ೯೯.೩ ಪಾಲು ಬಹುಮಟ್ಟಿಗೆ ೨೩೮ರ ಜಾತಿ. ಇದು ನ್ಯೂಟ್ರಾನನ್ನು ನುಂಗಿ ಕ್ರಮೇಣ ಪ್ಲುಟೋನಿಯಂ ೨೩೯ ಆಗುತ್ತದೆ. ಆ ಪ್ಲುಟೋನಿಯಂ ಒಳ್ಳೆಯ ಉರುವಲು. ಪ್ಲುಟೋನಿಯಂ ಬೀಜವೊಂದು ಒಡೆದಾಗ ಸರಾಸರಿಯಲ್ಲಿ ಮೂರಕ್ಕೆ ತುಸು ಕಡಮೆ ನ್ಯೂಟ್ರಾನುಗಳು ಹುಟ್ಟುತ್ತವೆ. ಒಂದು ನ್ಯೂಟ್ರಾನು ಮುಂದಿನ ಬೀಜವನ್ನು ಒಡೆದು ಒಲೆಯನ್ನು ಆರದಂತೆ ಕಾಯಬೇಕು. ಇನ್ನೊಂದು, ಉರಿದುಹೋದ ಪ್ಲುಟೋನಿಯಂಗೆ ಬದಲಾಗಿ ಹೊಸ ಪ್ಲುಟೋನಿಯಂ ಬೆಳೆಸಬೇಕು. ಉಳಿದ ಚಿಲ್ಲರೆಯಲ್ಲಿ ಉಕ್ಕು, ಸೋಡಿಯಂ ಮೊದಲಾದುವು ನುಂಗುವುದೆಷ್ಟು, ಹೊರಕ್ಕೆ ಸೋರುವುದೆಷ್ಟು! ಅದೆಲ್ಲ ಕಳೆದು ಏನಾದರೂ ಮಿಕ್ಕರೆ ಅದೇ ಲಾಭ. ತಿಂಗಳ ಸಂಬಳದಲ್ಲಿ ಬಾಡಿಗೆ, ದಿನಸಿ, ಮಕ್ಕಳ ಶಾಲೆಯ ಶುಲ್ಕ ಕಳೆದು ಉಳಿತಾಯ ಮಾಡುವ ಗೃಹಿಣಿಗೆ ಈ ಲೆಕ್ಕದ ಇಕ್ಕಟ್ಟು ಚೆನ್ನಾಗಿ ಗೊತ್ತು. ಪ್ರತಿಯೊಂದು ಖರ್ಚನ್ನೂ ಬರೆದಿಟ್ಟಲ್ಲದೆ ಉಳಿಯಿತೋ ಇಲ್ಲವೋ ಹೇಳಲಾಗದು.

ಅಮೆರಿಕದ ಐಡಾಹೋ ಪ್ರಾಂತದಲ್ಲಿ ೧೯೫೧ರ ಡಿಸೆಂಬರ್ ೨೦ರಂದು ಒಂದು ಪುಟ್ಟ ವೇಗದ ರಿಯಾಕ್ಟರು ನಾಲ್ಕು ವಿದ್ಯುದ್ದೀಪಗಳನ್ನು ಬೆಳಗಿಸಿತು. ದೀಪ ಹೊತ್ತಿದುದನ್ನು ಅಂದೇ ಎಲ್ಲರೂ ಕಂಡರು. ಆದರೆ ಆ ರಿಯಾಕ್ಟರು ಲಾಭ ತಂದಿತೆಂದು ಹೇಳಬೇಕಾದರೆ ೧೯೫೩ರವರೆಗೆ ಕಾಯಬೇಕಾಯಿತು. ಸುತ್ತ ಹೊದಿಸಿದ್ದ ಯುರೇನಿಯಂನಲ್ಲಿ ಎಷ್ಟು ಪ್ಲುಟೋನಿಯಂ ಹುಟ್ಟಿದೆಯೆಂದು ಅಳೆದು ನೋಡಿದಾಗ, ಸುಟ್ಟ ಒಂದಕ್ಕೆ ಹುಟ್ಟಿದ್ದು ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚೆಂದು ತಿಳಿದುಬಂತು. ದೀಪವು ಅದನ್ನು ಹೇಳಲಾರದಾಗಿತ್ತು; ಅಳತೆಯೇ ಹೇಳಬೇಕಾಯಿತು.

ಎಣಿಸಬೇಕಾದುದಕ್ಕೆ ಇನ್ನೊಂದು ಕಾರಣ ಸುರಕ್ಷತೆ. ವಿದಳನದಲ್ಲಿ ಹುಟ್ಟುವ ನ್ಯೂಟ್ರಾನುಗಳಲ್ಲಿ ಹೆಚ್ಚಿನವು ಆ ಕ್ಷಣವೇ ಹೊರಬೀಳುತ್ತವೆ. ಕೆಲವು ಮಾತ್ರ ಸೆಕೆಂಡುಗಳಷ್ಟು ತಡವಾಗಿ ಬರುತ್ತವೆ. ಈ ತಡವಾಗಿ ಬರುವವುಗಳ ದೆಸೆಯಿಂದಲೇ ರಿಯಾಕ್ಟರನ್ನು ಹಿಡಿತದಲ್ಲಿಡಲು ಮನುಷ್ಯನಿಗೆ ವ್ಯವಧಾನ ಸಿಕ್ಕುತ್ತದೆ. ಯುರೇನಿಯಂ ೨೩೫ರಲ್ಲಿ ಅವು ಸಾವಿರಕ್ಕೆ ಆರೇಳು. ಪ್ಲುಟೋನಿಯಂ ೨೩೯ರಲ್ಲಿ ಸಾವಿರಕ್ಕೆ ಎರಡು. ಎಂದರೆ ಪ್ಲುಟೋನಿಯಂ ಉರಿಸುವ ಒಲೆಯಲ್ಲಿ ಲಗಾಮು ಗಿಡ್ಡ. ಕೈಯಳತೆಗೆ ಅಲ್ಲಿ ಸ್ಥಳವಿಲ್ಲ. ಮೇಲೆ ಹೇಳಿದ ಐಡಾಹೋ ರಿಯಾಕ್ಟರೇ ೧೯೫೫ರಲ್ಲಿ ಒಂದು ಪ್ರಯೋಗದ ನಡುವೆ ಅತಿಯಾಗಿ ಕಾದು, ಅದರ ಗರ್ಭದ ಒಂದು ಭಾಗ ಕರಗಿಹೋಯಿತೆಂಬುದನ್ನು ಮರೆಯಬಾರದು.

ಸಾಕ್ಷಿ ನುಡಿಯುವ ಬಿಲ್ಲೆಗಳು

ಇನ್ನು ಎಣಿಸುವ ಬಗೆ. ೪೦೦ ಡಿಗ್ರಿಗೂ ಮೀರಿ ಕಾದ ಸೋಡಿಯಂ ಹರಿಯುವ, ವಿಕಿರಣ ತುಂಬಿದ ಗರ್ಭದೊಳಕ್ಕೆ ಯಾರೂ ಇಣುಕಿ ನೋಡುವಂತಿಲ್ಲ. ಹಾಗಾಗಿ ಒಳಕ್ಕೆ ಸಾಕ್ಷಿಗಳನ್ನು ಕಳುಹಿಸುತ್ತಾರೆ. ಚಿನ್ನ, ನಿಕ್ಕಲ್, ಕಬ್ಬಿಣ, ಅಲ್ಯೂಮಿನಿಯಂ ಮೊದಲಾದ ಲೋಹಗಳ ತೆಳುವಾದ ಬಿಲ್ಲೆಗಳೋ ತಂತಿಗಳೋ ಈ ಸಾಕ್ಷಿಗಳು. ಅವನ್ನು ಮುಂಚೆಯೇ ನಾಜೂಕಾದ ತಕ್ಕಡಿಯಲ್ಲಿ ತೂಗಿ, ಒಂದು ಕೊಳವೆಯಲ್ಲಿ ಮುಚ್ಚಿ, ಗೊತ್ತಾದ ಸ್ಥಳದಲ್ಲಿ ಗೊತ್ತಾದಷ್ಟು ಹೊತ್ತು ಇಟ್ಟು ಹೊರಕ್ಕೆ ತೆಗೆಯುತ್ತಾರೆ.

ಚಿನ್ನದ ಬಿಲ್ಲೆಯನ್ನೇ ನೋಡೋಣ. ಚಿನ್ನದ ಬೀಜವೊಂದು ನ್ಯೂಟ್ರಾನನ್ನು ನುಂಗಿದರೆ ಚಿನ್ನ ೧೯೮ ಆಗುತ್ತದೆ. ಅದು ನಿಲ್ಲುವುದಿಲ್ಲ, ಒಂದು ವಿದ್ಯುತ್ಕಣವನ್ನೂ ಗಾಮಾ ಕಿರಣವನ್ನೂ ಸೂಸಿ ಪಾದರಸವಾಗಿಬಿಡುತ್ತದೆ. ಪಾದರಸವನ್ನು ಚಿನ್ನ ಮಾಡಹೊರಟ ನಮ್ಮ ಹಳೆಯ ರಸವಾದಿಗಳು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಆ ಗಾಮಾ ಕಿರಣಕ್ಕೆ ೪೧೨ ಸಾವಿರ ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿ. ಒಂದೊಂದು ವಸ್ತುವಿನ ಗಾಮಾ ಕಿರಣಕ್ಕೂ ಹೀಗೆ ತನ್ನದೇ ಆದ ಶ್ರುತಿಯುಂಟು. ದ್ರವ ನೈಟ್ರೋಜನ್ನಿನಿಂದ ತಣ್ಣಗಿಟ್ಟ ಜರ್ಮೇನಿಯಂ ಹರಳೊಂದು ಆ ಶ್ರುತಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಎಣಿಸುತ್ತದೆ. ಎಣಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ರಿಯಾಕ್ಟರಿನೊಳಗೆ ಆ ಬಿಲ್ಲೆಯನ್ನು ಎಷ್ಟು ನ್ಯೂಟ್ರಾನು ತಾಗಿತೆಂದು ತಿಳಿಯುತ್ತದೆ.

ಒಂದೇ ಲೋಹ ಸಾಲದೇ, ಹಲವು ಏಕೆ? ಅಡಿಗೆಮನೆಯ ಜರಡಿಗಳನ್ನು ನೆನೆಯಿರಿ. ಸಣ್ಣ ಕಣ್ಣಿನದು ಹಿಟ್ಟಿಗೆ, ದೊಡ್ಡ ಕಣ್ಣಿನದು ರವೆಗೆ. ಚಿನ್ನವು ಎಲ್ಲ ವೇಗದ ನ್ಯೂಟ್ರಾನುಗಳನ್ನೂ, ನಿಧಾನದವನ್ನು ಹೆಚ್ಚಾಗಿ, ನುಂಗುತ್ತದೆ. ನಿಕ್ಕಲ್ ಬಹುಮಟ್ಟಿಗೆ ವೇಗದವುಗಳಿಗೆ ಮಾತ್ರ ಮಣಿದು ಕೋಬಾಲ್ಟ್ ೫೮ ಆಗುತ್ತದೆ. ಕಬ್ಬಿಣದ ಒಂದು ಜಾತಿಯು ಅದೇ ರೀತಿ ಮ್ಯಾಂಗನೀಸ್ ೫೪ ಆಗುತ್ತದೆ. ಅಲ್ಯೂಮಿನಿಯಂ ಇನ್ನೂ ಹೆಚ್ಚಿನ ವೇಗದವು ತಾಗಿದರೆ ಸೋಡಿಯಂ ೨೪ ಆಗುತ್ತದೆ. ಈ ಬಿಲ್ಲೆಗಳ ಸಾಲನ್ನು ಒಟ್ಟಿಗೆ ನೋಡಿದರೆ, ಎಷ್ಟು ನ್ಯೂಟ್ರಾನುಗಳಿವೆ ಎಂಬುದರ ಜೊತೆಗೆ ಯಾವ ವೇಗದವು ಎಷ್ಟೆಷ್ಟು ಎಂಬುದೂ ಹೊರಬೀಳುತ್ತದೆ. ಉಕ್ಕನ್ನು ಸವೆಸುವುದೂ ಹಿಗ್ಗಿಸುವುದೂ ಮುಖ್ಯವಾಗಿ ವೇಗದವು. ಆದುದರಿಂದ ರಿಯಾಕ್ಟರಿನ ಉಕ್ಕು ಎಷ್ಟು ವರ್ಷ ಬಾಳೀತೆಂಬ ಪ್ರಶ್ನೆಗೂ ಈ ಬಿಲ್ಲೆಗಳೇ ಉತ್ತರ ಕೊಡಬೇಕು.

ತೂತು ಕೊಡದ ಗಣಿತ

ಬಿಲ್ಲೆ ಹೊರಬಂದ ಮೇಲೆ ಅದರ ಸಾಕ್ಷ್ಯ ಕರಗುತ್ತಲೇ ಹೋಗುತ್ತದೆ. ಚಿನ್ನ ೧೯೮ರಲ್ಲಿ ಸುಮಾರು ೨.೭ ದಿನಗಳಿಗೆ ಅರ್ಧಭಾಗ ಮಾಯವಾಗುತ್ತದೆ. ಮತ್ತೆ ಅಷ್ಟೇ ದಿನಗಳಲ್ಲಿ ಉಳಿದುದರ ಅರ್ಧ. ಇದಕ್ಕೆ ಅರ್ಧಾಯುಷ್ಯವೆನ್ನುತ್ತಾರೆ. ಸೋಡಿಯಂ ೨೪ಕ್ಕೆ ೧೫ ಗಂಟೆ, ಕೋಬಾಲ್ಟ್ ೫೮ಕ್ಕೆ ೭೧ ದಿನ, ಮ್ಯಾಂಗನೀಸ್ ೫೪ಕ್ಕೆ ೩೧೨ ದಿನ. ಚಿನ್ನದ ಬಿಲ್ಲೆಯನ್ನು ಹೊರತೆಗೆದು ೫.೪ ದಿನಗಳಾದ ಮೇಲೆ ಸೆಕೆಂಡಿಗೆ ೧,೦೦೦ ಎಣಿಕೆ ಬಂದರೆ, ತೆಗೆದ ಗಳಿಗೆಯಲ್ಲಿ ಅದು ೪,೦೦೦ ಇತ್ತೆಂದು ಯಾರಾದರೂ ಹೇಳಬಹುದು.

ರಿಯಾಕ್ಟರಿನೊಳಗೆ ಇರುವಾಗಲೂ ಈ ಸೋರಿಕೆ ನಡೆದೇ ಇರುತ್ತದೆ. ತೂತಾದ ಕೊಡಕ್ಕೆ ಒಂದೇ ಸಮನಾಗಿ ನೀರು ಬಿಟ್ಟರೆ ಏನಾಗುತ್ತದೆ? ಮೊದಮೊದಲು ನೀರು ಬೇಗ ಏರುತ್ತದೆ. ಏರಿದಷ್ಟೂ ಸೋರಿಕೆ ಹೆಚ್ಚುತ್ತದೆ. ಕೊನೆಗೆ ಬರುವಷ್ಟೇ ಹೋಗಿ ಮಟ್ಟ ನಿಲ್ಲುತ್ತದೆ. ಬಿಲ್ಲೆಯೂ ಒಂದು ಅರ್ಧಾಯುಷ್ಯದ ಕಾಲ ಒಳಗಿದ್ದರೆ ಆ ಕೊನೆಯ ಮಟ್ಟದ ಅರ್ಧಕ್ಕೂ, ಎರಡಾದರೆ ಮುಕ್ಕಾಲಿಗೂ, ಮೂರಾದರೆ ಎಂಟರಲ್ಲಿ ಏಳು ಪಾಲಿಗೂ ಮುಟ್ಟುತ್ತದೆ. ಮಟ್ಟ ನಿಂತಾಗ ಸೆಕೆಂಡಿಗೆ ಎಷ್ಟು ಬೀಜಗಳು ಕ್ಷಯಿಸುತ್ತವೆಯೋ ಅಷ್ಟೇ ಬೀಜಗಳು ಹುಟ್ಟುತ್ತಿವೆ. ಅದೇ ನಾವು ಹುಡುಕುವ ಕ್ರಿಯಾದರ.

ಎಣಿಕೆಯಲ್ಲಿ ತಾಳ್ಮೆಯೂ ಬೇಕು. ವಿಕಿರಣ ಹೊರಡುವುದು ತಾಳಕ್ಕೆ ಸರಿಯಾಗಿ ಅಲ್ಲ, ಮಳೆಹನಿಯಂತೆ ಅಡ್ಡಾದಿಡ್ಡಿಯಾಗಿ. ೧೦೦ ಎಣಿಸಿ ನಿಲ್ಲಿಸಿದರೆ ಹತ್ತರಷ್ಟು ಆಚೀಚೆಯಾಗುವ ಸಂಭವವುಂಟು, ಎಂದರೆ ಶೇಕಡ ೧೦. ೧೦,೦೦೦ ಎಣಿಸಿದರೆ ನೂರರಷ್ಟು, ಎಂದರೆ ಶೇಕಡ ೧. ಹತ್ತು ಪಟ್ಟು ಖಚಿತವಾಗಬೇಕಾದರೆ ನೂರು ಪಟ್ಟು ಎಣಿಸಬೇಕು.

ಮಕ್ಕಳಿಗೆ ಇದನ್ನು ಮನೆಯಲ್ಲೇ ತೋರಿಸಬಹುದು. ಚೌಕಾಬಾರಕ್ಕೆಂದು ಒಂದು ಪಕ್ಕ ಉಜ್ಜಿ ಬಿಳಿ ಮಾಡುವ ಹುಣಸೆಬೀಜಗಳಂಥವನ್ನು ನೂರು ಸಿದ್ಧಮಾಡಿ. ಕೈತುಂಬ ಕುಲುಕಿ ನೆಲದ ಮೇಲೆ ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ತೆಗೆದುಹಾಕಿ, ಉಳಿದವನ್ನು ಎಣಿಸಿ ಬರೆದಿಡಿ. ಉಳಿದವನ್ನು ಮತ್ತೆ ಚೆಲ್ಲಿ. ಸುಮಾರು ೫೦, ೨೫, ೧೨ ಹೀಗೆ ಇಳಿಯುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಯಾವ ಬೀಜ ಯಾವ ಸಲ ಬಿಳಿಯಾಗುತ್ತದೆಂದು ಯಾರೂ ಹೇಳಲಾರರು. ಒಟ್ಟು ಗುಂಪು ಮಾತ್ರ ಹೇಳಿದಂತೆ ಕೇಳುತ್ತದೆ. ಇದೇ ಅರ್ಧಾಯುಷ್ಯದ ಗುಟ್ಟು.

ನಾಡಿ ನೋಡುವ ಕೋಶ

ಬಿಲ್ಲೆಗಳು ನಡೆದುಹೋದುದನ್ನು ಹೇಳುತ್ತವೆ. ನಡೆಯುತ್ತಿರುವುದನ್ನು ಆಗಿಂದಾಗ ಹೇಳಲು ವಿದಳನ ಕೋಶವೆಂಬ ಉಪಕರಣವುಂಟು. ಅನಿಲ ತುಂಬಿದ ಚಿಕ್ಕ ಕೊಳವೆಯ ಒಳಗೋಡೆಗೆ ಯುರೇನಿಯಂನ ಅತಿ ತೆಳುವಾದ ಲೇಪ ಕೊಟ್ಟಿರುತ್ತಾರೆ. ನ್ಯೂಟ್ರಾನು ತಾಗಿ ಅಲ್ಲಿ ಒಂದು ಬೀಜ ಒಡೆದರೆ, ಹೋಳು ಅನಿಲದಲ್ಲಿ ಹಾರಿ ಒಂದು ವಿದ್ಯುತ್ ಮಿಡಿತವನ್ನು ಎಬ್ಬಿಸುತ್ತದೆ. ಆ ಮಿಡಿತಗಳನ್ನು ಎಣಿಸುವುದು ರಿಯಾಕ್ಟರಿನ ನಾಡಿ ನೋಡಿದಂತೆ. ಒಂದು ಕೋಶಕ್ಕೆ ಯುರೇನಿಯಂ ೨೩೫, ಇನ್ನೊಂದಕ್ಕೆ ೨೩೮ ಲೇಪಿಸಿದರೆ ಇನ್ನೂ ಒಂದು ಪ್ರಯೋಜನವಿದೆ. ಮೊದಲನೆಯದು ಎಲ್ಲ ನ್ಯೂಟ್ರಾನುಗಳಿಗೂ ಒಡೆಯುತ್ತದೆ. ಎರಡನೆಯದು ಬಹುಮಟ್ಟಿಗೆ ಅತಿ ವೇಗದವಕ್ಕೆ ಮಾತ್ರ. ಇವೆರಡರ ಪ್ರಮಾಣವನ್ನು ನೋಡಿ, ಒಳಗಿನ ನ್ಯೂಟ್ರಾನುಗಳು ನಾವು ಗಣಿತದಲ್ಲಿ ಎಣಿಸಿದಷ್ಟು ಚುರುಕಾಗಿವೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಾರೆ.

ಈ ಅಳತೆಗಳಿಂದ ಕೊನೆಗೆ ರಿಯಾಕ್ಟರಿನ ಶಕ್ತಿಯೂ ತಿಳಿಯುತ್ತದೆ. ಒಂದು ವಾಟ್ ಶಾಖಕ್ಕೆ ಸೆಕೆಂಡಿಗೆ ಸುಮಾರು ೩,೧೦೦ ಕೋಟಿ ವಿದಳನಗಳಾಗಬೇಕು. ಹಳೆಯ ೬೦ ವಾಟಿನ ಬಲ್ಬೊಂದಕ್ಕೆ ಎಷ್ಟಾಯಿತೆಂದು ಮಕ್ಕಳು ಗುಣಿಸಿ ನೋಡಲಿ.

ತುಮಕೂರು, ತಾಂಬರಂ, ಕಲ್ಪಾಕ್ಕಂ

ಭಾರತದಲ್ಲಿ ಈ ವಿದ್ಯೆ ಬೆಳೆದ ಕಥೆಯಲ್ಲಿ ಕನ್ನಡಿಗರ ಪಾಲು ಕಡಮೆಯದಲ್ಲ. ೧೯೨೫ರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಭೌತಶಾಸ್ತ್ರವನ್ನು ಓದಿದ್ದು ಇಲ್ಲಿಯೇ, ನಮ್ಮ ತಾಂಬರಂನ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ. ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದು ಹೋಮಿ ಭಾಭಾ ಅವರೊಡನೆ ಮುಂಬಯಿಯಲ್ಲಿ ಸೇರಿದರು. ನ್ಯೂಟ್ರಾನು ಮತ್ತು ವಿದಳನ ಅವರ ಸಂಶೋಧನೆಯ ಕ್ಷೇತ್ರವಾಗಿತ್ತು. ಪಿಯಾನೋ ವಾದನ ಅವರ ಇನ್ನೊಂದು ಒಲವು. ೧೯೫೬ರ ಆಗಸ್ಟಿನಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೊಂಡಾಗ ಆ ತಂಡದಲ್ಲಿ ಅವರಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಎಂಜಿನಿಯರ್ ಎಂ. ಆರ್. ಶ್ರೀನಿವಾಸನ್ ಅವರು ೧೯೬೭ರಲ್ಲಿ ಕಲ್ಪಾಕ್ಕಂನ ಮದರಾಸು ಅಣುವಿದ್ಯುತ್ ಯೋಜನೆಯ ಮುಖ್ಯ ಎಂಜಿನಿಯರಾದರು. ಇವರಿಬ್ಬರೂ ಒಬ್ಬರ ಹಿಂದೆ ಒಬ್ಬರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ರಾಮಣ್ಣನವರು ೨೦೦೪ರಲ್ಲಿ, ಶ್ರೀನಿವಾಸನ್ ಅವರು ೨೦೨೫ರ ಮೇ ತಿಂಗಳಿನಲ್ಲಿ ತೀರಿಕೊಂಡರು.

ವೇಗದ ನ್ಯೂಟ್ರಾನುಗಳ ಮೊದಲ ಪಾಠ ನಡೆದದ್ದು ಟ್ರಾಂಬೆಯಲ್ಲಿ. ೧೯೭೨ರ ಮೇ ೧೮ರಂದು ಪೂರ್ಣಿಮಾ ಎಂಬ ಪುಟ್ಟ ಪ್ಲುಟೋನಿಯಂ ರಿಯಾಕ್ಟರು ಅಲ್ಲಿ ಚಾಲನೆಗೊಂಡಿತು. ವಿದ್ಯುತ್ತು ತಯಾರಿಸುವುದು ಅದರ ಉದ್ದೇಶವೇ ಅಲ್ಲ, ಅಳೆಯುವುದಕ್ಕಾಗಿಯೇ ಕಟ್ಟಿದ್ದು. ಕಲ್ಪಾಕ್ಕಂನಲ್ಲಿ ರಿಯಾಕ್ಟರ್ ಸಂಶೋಧನ ಕೇಂದ್ರವು ೧೯೭೧ರಲ್ಲಿ ಆರಂಭವಾಗಿತ್ತು. ಫ್ರಾನ್ಸಿನ ರಾಪ್ಸೋಡಿ ಎಂಬ ವೇಗದ ರಿಯಾಕ್ಟರಿನ ಮಾದರಿಯಲ್ಲಿ ಇಲ್ಲಿ ಪರೀಕ್ಷಾ ರಿಯಾಕ್ಟರನ್ನು ಕಟ್ಟತೊಡಗಿದರು. ಅದರ ಉರುವಲಿಗೆ ೨೩೫ರ ಪಾಲನ್ನು ಹೆಚ್ಚಿಸಿದ ಯುರೇನಿಯಂ ಬೇಕಾಗಿತ್ತು. ೧೯೭೪ರ ಮೇ ೧೮ರಂದು ಪೋಖರಣ್‌ನಲ್ಲಿ ಅಣುಸ್ಫೋಟವಾಯಿತು; ಆ ಕಾರ್ಯದ ಮುಂದಾಳುಗಳಲ್ಲಿ ರಾಮಣ್ಣನವರೂ ಒಬ್ಬರು. ಅದರ ಬಳಿಕ ಹೊರದೇಶದಿಂದ ಅಂಥ ಯುರೇನಿಯಂ ದೊರೆಯುವ ದಾರಿ ಮುಚ್ಚಿಹೋಯಿತು.

ಒಲೆ ಸಿದ್ಧವಾಗುತ್ತಿದೆ, ಸೌದೆಯಿಲ್ಲ! ಆಗ ನಮ್ಮವರು ದೇಶದಲ್ಲಿಯೇ ಇದ್ದ ಪ್ಲುಟೋನಿಯಂ ಮತ್ತು ಯುರೇನಿಯಂಗಳನ್ನು ಇಂಗಾಲದೊಡನೆ ಕೂಡಿಸಿ ಕಾರ್ಬೈಡ್ ಇಂಧನವನ್ನು ತಯಾರಿಸಿದರು. ಅದರಲ್ಲಿ ನೂರಕ್ಕೆ ೭೦ ಪಾಲು ಪ್ಲುಟೋನಿಯಂ ಕಾರ್ಬೈಡ್. ಅಂಥ ಇಂಧನವನ್ನೇ ಮುಖ್ಯವಾಗಿಟ್ಟು ರಿಯಾಕ್ಟರನ್ನು ನಡೆಸಿದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದುದರಿಂದ ಪರರ ಪುಸ್ತಕದಿಂದ ಅಂಕಿಗಳನ್ನು ಎರವಲು ತರುವಂತಿರಲಿಲ್ಲ. ಗಣಿತ ಹೇಳಿದ್ದು ಸರಿಯೇ ಎಂದು ತಿಳಿಯಲು ತಾವೇ ಅಳೆದು ನೋಡಬೇಕಾಯಿತು.

ಮೊದಲ ದಿನದ ಎಣಿಕೆ

ಹೊಸ ರಿಯಾಕ್ಟರನ್ನು ಹೊತ್ತಿಸುವುದು ಬೆಂಕಿಕಡ್ಡಿ ಗೀರಿದಷ್ಟು ಸುಲಭವಲ್ಲ. ಇಂಧನದ ಕಟ್ಟುಗಳನ್ನು ಒಂದೊಂದಾಗಿ ಇಳಿಸುತ್ತ, ಪ್ರತಿ ಸಲವೂ ನ್ಯೂಟ್ರಾನುಗಳನ್ನು ಎಣಿಸುತ್ತ ಹೋಗಬೇಕು. ಎಣಿಕೆ ೧೦೦ ಇದ್ದುದು ೨೦೦, ೪೦೦, ೮೦೦ ಎಂದು ಏರುತ್ತದೆ. ಏರುವ ಅಂಕಿಯನ್ನು ನೋಡುತ್ತ ಕುಳಿತರೆ ಎಲ್ಲಿ ನಿಲ್ಲ ಬೇಕೆಂದು ತಿಳಿಯದು. ಅದಕ್ಕಾಗಿ ಎಣಿಕೆಯನ್ನು ತಲೆಕೆಳಗು ಮಾಡಿ, ಒಂದು, ಅರ್ಧ, ಕಾಲು, ಅರೆಕಾಲು ಎಂದು ನಕ್ಷೆಯ ಮೇಲೆ ಗುರುತಿಸುತ್ತಾರೆ. ಆ ಗೆರೆ ಇಳಿದಿಳಿದು ಸೊನ್ನೆಯನ್ನು ಮುಟ್ಟುವ ಸ್ಥಳವೇ ಒಲೆ ತಾನಾಗಿ ಉರಿಯತೊಡಗುವ ಸ್ಥಳ. ಇನ್ನು ಎಷ್ಟು ಕಟ್ಟು ಬೇಕೆಂಬುದನ್ನು ಗೆರೆಯೇ ಮುಂಚಿತವಾಗಿ ಹೇಳುತ್ತದೆ; ಹತ್ತಿರ ಬಂದಂತೆ ಹೆಜ್ಜೆ ಚಿಕ್ಕದಾಗುತ್ತದೆ. ಹೀಗೆ ೧೯೮೫ರ ಅಕ್ಟೋಬರ್ ೧೮ರಂದು, ಇಪ್ಪತ್ತಕ್ಕಿಂತ ಕೆಲವೇ ಹೆಚ್ಚಿನ ಕಟ್ಟುಗಳಿಂದ, ಕಲ್ಪಾಕ್ಕಂನ ವೇಗದ ರಿಯಾಕ್ಟರು ಜೀವತಳೆಯಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ರಾಜಾ ರಾಮಣ್ಣನವರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಕೇಂದ್ರಕ್ಕೆ ಇಂದಿರಾ ಗಾಂಧಿಯವರ ಹೆಸರನ್ನಿಟ್ಟರು.

ಮುಂದಿನ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ೧೯೮೭ರಲ್ಲಿ ಇಂಧನದ ಕಟ್ಟನ್ನು ಸಾಗಿಸುವಾಗ ಆದ ಅವಘಡದಿಂದ ರಿಯಾಕ್ಟರು ಸುಮಾರು ಎರಡು ವರ್ಷ ನಿಂತಿತು. ೨೦೦೨ರಲ್ಲಿ ಸುಮಾರು ೭೫ ಕಿಲೋಗ್ರಾಂ ಸೋಡಿಯಂ ಸೋರಿತು. ಸೋಡಿಯಂ ಗಾಳಿಗೆ ಉರಿಯುವ, ನೀರಿಗೆ ಸಿಡಿಯುವ ಲೋಹ. ಅದನ್ನು ಆಳುವುದು ಎಂದೂ ಹಗುರವಾದ ಕೆಲಸವಲ್ಲ. ಇಷ್ಟಾದರೂ ೧೯೯೭ರಲ್ಲಿ ಈ ರಿಯಾಕ್ಟರಿನ ವಿದ್ಯುತ್ತು ಮೊದಲ ಬಾರಿ ನಾಡಿನ ತಂತಿಗಳಿಗೆ ಹರಿಯಿತು. ಮೊದಲು ಹತ್ತು ಮೆಗಾವಾಟ್ ಶಾಖದ ಆಸುಪಾಸಿನಲ್ಲಿದ್ದ ಶಕ್ತಿಯು ಮೆಟ್ಟಿಲು ಮೆಟ್ಟಿಲಾಗಿ ಏರಿ ೨೦೨೨ರ ಮಾರ್ಚಿನಲ್ಲಿ ಯೋಜಿಸಿದ್ದ ೪೦ ಮೆಗಾವಾಟನ್ನು ಮುಟ್ಟಿತು. ಮೂವತ್ತಾರು ವರ್ಷಗಳ ಮೆಟ್ಟಿಲು! ಆ ಅವಸರವಿಲ್ಲದ ನಡಿಗೆಯ ಉದ್ದಕ್ಕೂ ಅಳೆಯುವ ಕೆಲಸ ಬಿಡದೆ ನಡೆದುಬಂತು.

ಅಳತೆಯ ಫಲ

ಆ ಚಿಕ್ಕ ಒಲೆಯ ನ್ಯೂಟ್ರಾನುಗಳಿಂದ ಒಂದು ಕರುಣೆಯ ಕೆಲಸವೂ ಆಗಿದೆ. ಇಟ್ರಿಯಂ ಎಂಬ ಮೂಲವಸ್ತುವಿಗೆ ವೇಗದ ನ್ಯೂಟ್ರಾನು ತಾಗಿದರೆ ಅದು ಸ್ಟ್ರಾನ್ಷಿಯಂ ೮೯ ಆಗುತ್ತದೆ. ನಿಧಾನದ ನ್ಯೂಟ್ರಾನು ಈ ಕೆಲಸ ಮಾಡಲಾರದು. ಸ್ಟ್ರಾನ್ಷಿಯಂ ದೇಹದಲ್ಲಿ ಸುಣ್ಣದ ಸತ್ವದಂತೆ ಮೂಳೆಗೆ ಹೋಗಿ ಸೇರುವುದರಿಂದ, ಕ್ಯಾನ್ಸರು ಮೂಳೆಗಿಳಿದ ರೋಗಿಗಳ ಅಸಹನೀಯ ನೋವನ್ನು ತಗ್ಗಿಸಲು ವೈದ್ಯರು ಅದನ್ನು ಬಳಸುತ್ತಾರೆ. ಕಲ್ಪಾಕ್ಕಂನಲ್ಲಿ ಇಟ್ರಿಯಂ ಆಕ್ಸೈಡಿನ ಬಿಲ್ಲೆಗಳನ್ನು ರಿಯಾಕ್ಟರಿನಲ್ಲಿಟ್ಟು ಇದನ್ನು ತಯಾರಿಸಿದ್ದಾರೆ. ಎಷ್ಟು ದಿನ ಇಟ್ಟರೆ ಎಷ್ಟು ಔಷಧ ಹುಟ್ಟೀತೆಂಬುದು ಮತ್ತೆ ಅದೇ ತೂತು ಕೊಡದ ಗಣಿತ. ಸ್ಟ್ರಾನ್ಷಿಯಂ ೮೯ರ ಅರ್ಧಾಯುಷ್ಯ ಸುಮಾರು ೫೦ ದಿನ.

ದೊಡ್ಡ ಫಲದ ಆಸೆ ಬೇರೆ ಇದೆ. ಪಕ್ಕದಲ್ಲಿಯೇ ೫೦೦ ಮೆಗಾವಾಟ್ ವಿದ್ಯುತ್ತಿಗೆಂದು ಯೋಜಿಸಿದ ದೊಡ್ಡ ಬ್ರೀಡರ್ ರಿಯಾಕ್ಟರನ್ನು ಕಟ್ಟಿದ್ದಾರೆ. ಕೆಲಸ ೨೦೦೪ರಲ್ಲಿ ಮೊದಲಾಗಿ, ಎಣಿಸಿದ ಕಾಲಕ್ಕಿಂತ ಎಷ್ಟೋ ವರ್ಷ ತಡವಾಗಿ, ೨೦೨೪ರ ಮಾರ್ಚಿನಲ್ಲಿ ಅದರ ಗರ್ಭವನ್ನು ತುಂಬುವ ಕಾರ್ಯಕ್ಕೆ ಚಾಲನೆ ದೊರೆಯಿತು. ಅದಕ್ಕೆ ಬೇಕಾದ ಇಂಧನದ ಮಾದರಿಗಳನ್ನು ಮೊದಲು ಸುಟ್ಟು ಪರೀಕ್ಷಿಸಿದ್ದು ಈ ಚಿಕ್ಕ ರಿಯಾಕ್ಟರಿನಲ್ಲಿಯೇ. ಇಲ್ಲಿ ಬೆಳೆಯುವ ಪ್ಲುಟೋನಿಯಂನಿಂದ ಮುಂದೆ ಒಂದು ದಿನ ಕೇರಳ, ತಮಿಳುನಾಡುಗಳ ಕಡಲ ಮರಳಿನಲ್ಲಿ ಹೇರಳವಾಗಿರುವ ತೋರಿಯಂ ಅನ್ನು ಉರುವಲಾಗಿ ಮಾಡಬೇಕೆಂಬುದು ಭಾಭಾ ಅವರ ಕಾಲದಿಂದ ಬಂದ ಯೋಜನೆ. ಆ ಯೋಜನೆ ದುಬಾರಿಯಾದುದೆಂದೂ ಅಪಾಯವುಳ್ಳದ್ದೆಂದೂ ವಾದಿಸುವವರು ಇದ್ದಾರೆ. ಹಲವು ದೇಶಗಳು ಈ ದಾರಿಯನ್ನು ಬಿಟ್ಟುಕೊಟ್ಟಿವೆ. ರಷ್ಯವು ೧೯೮೦ರಿಂದ ದೊಡ್ಡದೊಂದು ವೇಗದ ರಿಯಾಕ್ಟರನ್ನು ನಡೆಸಿಕೊಂಡು ಬಂದಿದೆ. ವಾದ ಯಾವ ಕಡೆಗೆ ತೀರ್ಮಾನವಾಗಬೇಕಾದರೂ ಅದಕ್ಕೆ ಆಧಾರ ಬೇಕು. ಲಾಭವುಂಟೇ, ಉಕ್ಕು ಬಾಳುತ್ತದೆಯೇ, ಲಗಾಮು ಕೈಯಲ್ಲಿದೆಯೇ ಎಂಬ ಪ್ರಶ್ನೆಗಳಿಗೆ ಭಾಷಣದಿಂದ ಉತ್ತರ ಬರುವುದಿಲ್ಲ. ತೂಗಿಟ್ಟ ಬಿಲ್ಲೆ, ಎಣಿಸಿಟ್ಟ ಮಿಡಿತ, ಇವುಗಳಿಂದ ಬರಬೇಕು.

ನಮ್ಮ ಮಕ್ಕಳಲ್ಲಿ ಹಲವರು ಇಲ್ಲಿಯ ಕಾಲೇಜುಗಳಲ್ಲಿ ವಿಜ್ಞಾನವನ್ನು ಓದುತ್ತಿದ್ದಾರೆ. ತುಮಕೂರಿನ ಹುಡುಗನೊಬ್ಬ ತಾಂಬರಂನಲ್ಲಿ ಓದಿ ಎಲ್ಲಿಗೆ ಮುಟ್ಟಿದನೆಂಬುದನ್ನು ಅವರಿಗೆ ಹೇಳಬೇಕು. ಅದರ ಜೊತೆಗೆ, ಆ ಕೀರ್ತಿಯ ಹಿಂದೆ ಹೆಸರಿಲ್ಲದ ಎಷ್ಟೋ ಮಂದಿ ರಾತ್ರಿಯೆಲ್ಲ ಎಚ್ಚರವಿದ್ದು, ೧೦೦ಕ್ಕೆ ನಿಲ್ಲಿಸದೆ ೧೦,೦೦೦ದವರೆಗೆ ಎಣಿಸಿದ್ದಾರೆಂಬುದನ್ನೂ ಹೇಳಬೇಕು.